ಬೋರಯ್ಯನ ಕಾಲು, ಖಲೀಲುಲ್ಲಾನ ತಲೆ

ಒಂದೇ ಒಂದು ಫೋನು ಬಂತು, ಖಲೀಲುಲ್ಲಾನ ಗಂಟಲಲ್ಲಿದ್ದ ಟೀ ಒಳಗೂ ಹೋಗದೆ ಹೊರಗೂ ಬರದೆ ಅಲ್ಲೇ ನಿಂತಿತು.

"ಖಲೀಲುಲ್ಲಾ ಅವರೇ, ಡಾಕ್ಟರ್ ವನಜಾಕ್ಷಿ ಮಾತಾಡ್ತಿರೋದು. ಇವತ್ತು ಮಧ್ಯಾಹ್ನ ಸಮುದಾಯ ಭವನಕ್ಕೆ ಬಂದ್ಬಿಡಿ. ವ್ಯಾಯಾಮ ಮಾಡೋವಾಗ ಮೆದುಳು ಹೇಗೆ ಕೆಲಸ ಮಾಡುತ್ತೆ ಅಂತ ಟೋಪಿ ಹಾಕಿ ಇನ್ನೊಂದ್ಸಲ ನೋಡ್ಬೇಕು. ನಿಮ್ಮ ವೀಡಿಯೊ ಎಲ್ಲಾ ನೋಡಿದೀನಿ. ಬ್ರಿಲಿಯಂಟ್!"

ಆ ಹೊಗಳಿಕೆ ಕೇಳಿ ಹಿಗ್ಗಬೇಕಾಗಿದ್ದವನು ಪಕ್ಕದ ಇಸ್ತ್ರಿ ಅಂಗಡಿಯ ಬೋರಯ್ಯ. ಯಾಕೆಂದರೆ ವೀಡಿಯೊದಲ್ಲಿದ್ದ ಕಾಲು ಅವನದು.

ಖಲೀಲುಲ್ಲಾ ಶಿರಾದಲ್ಲಿ ಹೆಸರುವಾಸಿ ಟೈಲರು. ಎಂ.ಎಸ್. ಅನ್ನುವ ಕಾಯಿಲೆ ಬಂದು ನರಗಳ ಮೇಲಿನ ಹೊದಿಕೆ ಸವೆದಿತ್ತು. ಮೆದುಳು ಕೊಟ್ಟ ಆರ್ಡರು, ಇಲಿ ಕಡಿದ ವೈರಿನಲ್ಲಿ ಹೋಗುವ ಕರೆಂಟಿನಂತೆ, ಕಾಲು ಮುಟ್ಟುವಷ್ಟರಲ್ಲಿ ಎಲ್ಲೋ ಸೋರಿಹೋಗುತ್ತಿತ್ತು. ಎಡಗಾಲಂತೂ ಊಟದ ಹೊತ್ತಿನ ಗುಮಾಸ್ತನ ಹಾಗೆ, ಎಷ್ಟು ಕೂಗಿದರೂ ತಲೆ ಎತ್ತುತ್ತಿರಲಿಲ್ಲ.

ವನಜಾಕ್ಷಿ ಈ ಕಾಯಿಲೆಯವರ ಮೇಲೆ ಸಂಶೋಧನೆ ಮಾಡುತ್ತಿದ್ದರು. ಮೊದಲ ಸಲ ಟೋಪಿ ಹಾಕಿ ಚಿತ್ರ ತೆಗೆದು, ದಿನವೂ ಮಾಡಬೇಕಾದ ವ್ಯಾಯಾಮ ಹೇಳಿಕೊಟ್ಟಿದ್ದರು. ನೆಲದ ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ಮುಟ್ಟಿಸಿಕೊಂಡು ನಡೆಯಬೇಕು, ತಿರುಗಬೇಕು, ವಾಪಸು ಬರಬೇಕು. ಅದರ ವೀಡಿಯೊ ಕಳಿಸಬೇಕು.

ಮೊದಲ ದಿನ ಖಲೀಲುಲ್ಲಾ ಬಟ್ಟೆಗೆ ಗುರುತು ಹಾಕುವ ಚಾಕಿನಿಂದಲೇ ಅಂಗಡಿಯಲ್ಲಿ ಗೆರೆ ಎಳೆದು ನಿಂತ. ಬ್ಲೌಸು ಕೊಡಲು ಬಂದಿದ್ದ ಹೆಂಗಸರ ಎದುರಿಗೇ ದಬಕ್ಕನೆ ಬಿದ್ದ. ಅವರು ಅಯ್ಯೋ ಪಾಪ ಅಂದರು. ಬಿದ್ದ ನೋವು ಸಂಜೆಗೆ ಹೋಯಿತು, 'ಅಯ್ಯೋ ಪಾಪ' ಹೋಗಲಿಲ್ಲ. ಮಾರನೆಯ ದಿನ ಅವನ ಪೈಜಾಮ, ಅವನ ಕಾಲುಚೀಲ ಹಾಕಿಕೊಂಡು ಬೋರಯ್ಯ ನಡೆದ. ಖಲೀಲುಲ್ಲಾ ಕೂತಲ್ಲೇ ಫೋನು ಹಿಡಿದು ಸೊಂಟದ ಕೆಳಗಷ್ಟೇ ವೀಡಿಯೊ ತೆಗೆದ. ಅದೇ ರೂಢಿಯಾಯಿತು.

ಬೋರಯ್ಯನಿಗೊಂದು ಚಾಳಿ. ತಿರುಗುವ ಮುಂಚೆ ಒಂಟಿ ಕಾಲಲ್ಲಿ ನಿಂತು, ಎಡಗಾಲಿನ ಹೆಬ್ಬೆರಳಿನಿಂದ ಬಲಗಾಲಿನ ಮೀನಖಂಡ ಪರಪರ ಕೆರೆದುಕೊಳ್ಳುತ್ತಿದ್ದ. ಖಲೀಲುಲ್ಲಾನ ಹೆಂಡತಿ ಅಫ್ಜಲುನ್ನೀಸಾ ಅದನ್ನು ನೋಡಿ ಕಣ್ಣೀರು ಹಾಕಿಕೊಂಡಿದ್ದಳು. "ಒಂಟಿ ಕಾಲಲ್ಲಿ ನಿಂತು ಕೆರ್ಕೊಳ್ತಾರೆ ನೋಡ್ರೀ ನಮ್ಮೋರು!" ಎಂದು ಮಧುಗಿರಿಯ ನೆಂಟರಿಗೆಲ್ಲ ಆ ವೀಡಿಯೊ ಕಳಿಸಿದ್ದಳು. ಮನೆಯಲ್ಲೇಕೆ ಹಾಗೆ ನಡೆಯುವುದಿಲ್ಲ ಅಂತ ಅವಳು ಕೇಳಿದರೆ ಖಲೀಲುಲ್ಲಾ, "ಅಂಗಡೀಲಿ ಎಲ್ಲಾ ಶಕ್ತಿ ಖರ್ಚಾಗೋಯ್ತದೆ" ಅನ್ನುತ್ತಿದ್ದ.

ಅವಳಿಗೆ ಗೊತ್ತಾದರೆ ಅಂಗಡಿ ಕೈಬಿಟ್ಟಂತೆ. ಅವಳ ಶರತ್ತು ಮೊದಲೇ ಇತ್ತು. ವ್ಯಾಯಾಮ ತಪ್ಪಿದರೆ ಅಂಗಡಿ ಪಾವಗಡದಲ್ಲಿರುವ ಅವಳ ತಮ್ಮ ವಾಸಿಫ್‌ನ ಬೇಕರಿಗೆ. ಖಲೀಲುಲ್ಲಾ ಮನೆಯಲ್ಲಿ ಅತ್ತೆಯ ಜೊತೆ ಹುಣಸೆಹಣ್ಣಿನ ಬೀಜ ಬಿಡಿಸಬೇಕು. ಆ ಅತ್ತೆ ಒಂದು ಬೀಜಕ್ಕೆ ಒಂದು ಬುದ್ಧಿಮಾತಿನಂತೆ ಇಡೀ ಮೂಟೆ ಮುಗಿಸುವವಳು.

"ಇವತ್ತು ಸಿಕ್ಕಾಕ್ಕಂಡೆ ಕಣ್ಲಾ ಬೋರ. ಕಾಲು ನಿಂದು ಕಳಿಸ್ದೆ, ತಲೆ ಯಾರ್ದು ಕಳಿಸ್ಲಿ?"

"ನನ್ ತಲೆ ಕೇಳ್ಬೇಡ ಮತ್ತೆ. ಕೂದ್ಲಿಲ್ಲ, ಗೊತ್ತಾಗೋಯ್ತದೆ," ಅಂದ ಬೋರಯ್ಯ.

ಎದುರಿನ ಮೊಬೈಲ್ ಅಂಗಡಿಯ ಮುಜಾಮಿಲ್ ಕರೆಯದೆಯೇ ಬಂದ. ಬಂದವನೇ ಫೋನಿನಲ್ಲಿ ಏನೋ ವೀಡಿಯೊ ನೋಡಿ ತೀರ್ಪು ಕೊಟ್ಟ. "ಸಿಂಪಲ್ ಚಾಚಾ. ಮೆದುಳು ಕೆಲಸ ಮಾಡಿದ್ರೆ ಕಂಪ್ಯೂಟರಲ್ಲಿ ಕೆಂಪು. ಸುಮ್ನಿದ್ರೆ ನೀಲಿ. ನೀವು ಕೆಂಪು ಬರಿಸ್ಬೇಕು, ಅಷ್ಟೇ. ಫುಲ್ ಮಾರ್ಕ್ಸು!"

ಪ್ಯಾಂಟು ಉದ್ದ ಮಾಡಿಸಲು ಬಂದಿದ್ದ ನಿವೃತ್ತ ಮೇಷ್ಟ್ರು ಗಂಗಯ್ಯ ಪ್ಯಾಂಟು ಮರೆತು ಕೂತರು. "ಅದಕ್ಕೇನ್ರೀ ಸಾಬ್ರೇ, ನಡೀವಾಗ ಹತ್ತೊಂಬತ್ತರ ಮಗ್ಗಿ ಹೇಳ್ಕೊಳ್ಳಿ. ನಾನು ಹುಡುಗ್ರ ಮೆದುಳು ಕೆಂಪು ಮಾಡ್ತಿದ್ದಿದ್ದೇ ಅದ್ರಲ್ಲಿ."

"ಮಗ್ಗಿ ಸಾಲಕಿಲ್ಲ ಮೇಷ್ಟ್ರೇ," ಅಂದ ಬೋರಯ್ಯ. "ಸಿಟ್ಟು ಬರ್ಬೇಕು. ಲೇ ಖಲೀಲ, ನಿನ್ ಬಾಮೈದನ್ನ ನೆನುಸ್ಕೊ. ನಿನ್ ಮಿಷಿನ್ ಇರೋ ಜಾಗ್ದಾಗೆ ನಿಂತ್ಕಂಡು ಪಫ್ಸ್ ಮಾರ್ತಾವ್ನೆ ಅನ್ಕೊ."

ಖಲೀಲುಲ್ಲಾನ ಕಿವಿ ಆಗಲೇ ಕೆಂಪಾಯಿತು. ಗುಣ ಕಾಣಿಸಿತೆಂದು ಮೂವರೂ ತಲೆದೂಗಿದರು.

ಆಮೇಲೆ ಇನ್ನೊಂದು ಫಜೀತಿ. ತಲೆಯಲ್ಲಿ ಎಣ್ಣೆ ಇರಬಾರದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅಫ್ಜಲುನ್ನೀಸಾ ಬೆಳಿಗ್ಗೆಯೇ ಹರಳೆಣ್ಣೆ ತಟ್ಟಿ ಕಳಿಸಿದ್ದಳು, ತಲೆ ಬಾಣಲೆಯಂತೆ ಹೊಳೆಯುತ್ತಿತ್ತು. ಬೋರಯ್ಯ ಅವನನ್ನು ನಲ್ಲಿಯ ಕೆಳಗೆ ಬಗ್ಗಿಸಿ, ಬಟ್ಟೆ ಒಗೆಯುವ ಸೋಪಿನಲ್ಲಿ ಉಜ್ಜಿದ. ಬೇಡವೆಂದರೂ ಮುಜಾಮಿಲ್ ಇನ್ನೊಂದು ಸಲ ಉಜ್ಜಿದ. ಒಣಗುವ ಹೊತ್ತಿಗೆ ಕೂದಲು ಒಡೆದ ಬೂರುಗದ ಕಾಯಿಯಂತೆ ನಾಲ್ಕೂ ದಿಕ್ಕಿಗೆ ಎದ್ದು ನಿಂತಿತ್ತು.

ಮಧ್ಯಾಹ್ನ ಒಂದೇ ಆಟೋದಲ್ಲಿ ಎಲ್ಲರೂ ಸಮುದಾಯ ಭವನಕ್ಕೆ ಬಂದರು. ಡಾಕ್ಟರು ಮನೆಗೂ ಫೋನು ಮಾಡಿದ್ದರಿಂದ ಅಫ್ಜಲುನ್ನೀಸಾ ಆಗಲೇ ಬಂದು ಮುಂದಿನ ಕುರ್ಚಿ ಹಿಡಿದಿದ್ದಳು. ಗಂಡನ ತಲೆ ನೋಡಿ, "ಯಾ ಅಲ್ಲಾ! ಕರೆಂಟ್ ಈಗ್ಲೇ ಕೊಟ್ಬಿಟ್ರಾ?" ಅಂದಳು.

ವನಜಾಕ್ಷಿ ನಗುತ್ತ ಟೋಪಿ ತೊಡಿಸಿದರು. ಅದರ ತುಂಬ ಸಣ್ಣ ಸಣ್ಣ ದೀಪ, ಹಿಂದೆ ಜಡೆಯ ಹಾಗೆ ವೈರು. ಎದುರಿನ ಪರದೆಯ ಮೇಲೆ ಮೆದುಳಿನ ಚಿತ್ರ. ಬಿದ್ದರೆ ಹಿಡಿಯಲು ಪಕ್ಕದಲ್ಲಿ ಒಬ್ಬ ನರ್ಸಮ್ಮ.

"ನಿಧಾನಕ್ಕೆ ನಡೀರಿ."

ಖಲೀಲುಲ್ಲಾ ಹೆಜ್ಜೆ ಇಟ್ಟ. ಹತ್ತೊಂಬತ್ತೊಂದ್ಲೆ ಹತ್ತೊಂಬತ್ತು. ಎಡಗಾಲು ಬರಲಿಲ್ಲ. ವಾಸಿಫ್ ಪಫ್ಸ್ ಮಾರುತ್ತಿದ್ದಾನೆ. ಹತ್ತೊಂಬತ್ತೆರಡ್ಲೆ ಮೂವತ್ತೆಂಟು. ವಾಸಿಫ್ ಮಿಷಿನ್ನಿನ ಮೇಲೆ ಕೇಕು ಇಟ್ಟಿದ್ದಾನೆ! ಕಾಲು ಗೆರೆ ಬಿಟ್ಟು ಆಚೆ ಹೋಯಿತು, ನರ್ಸಮ್ಮ ರಟ್ಟೆ ಹಿಡಿದರು. ಮೂರ್ಲೆಯ ಜಾಗದಲ್ಲಿ ಅತ್ತೆ ಹುಣಸೆಹಣ್ಣಿನ ಮೂಟೆ ಬಿಚ್ಚುತ್ತಿದ್ದಳು.

ಪರದೆ ಕೆಂಪಾಯಿತು. ಸುಮ್ಮನೆ ಕೆಂಪಲ್ಲ, ಗುಂಟೂರು ಮೆಣಸಿನಕಾಯಿ ಒಣಹಾಕಿದ ಕಣದಷ್ಟು ಕೆಂಪು.

"ಬಂತು ಬಂತು! ಚಾಚಾ ಫಸ್ಟ್ ಕ್ಲಾಸು!" ಎಂದು ಮುಜಾಮಿಲ್ ಕುಣಿದ. ಗಂಗಯ್ಯ ಮೇಷ್ಟ್ರು ಮಗ್ಗಿಯ ಮಹಿಮೆ ನೆನೆದು ಕಣ್ಣು ಮುಚ್ಚಿದರು.

ವನಜಾಕ್ಷಿ ಮಾತ್ರ ಹುಬ್ಬು ಗಂಟಿಕ್ಕಿದರು. "ವಿಚಿತ್ರ. ಮೊದಲನೇ ಸಲಕ್ಕಿಂತ ಜಾಸ್ತಿ ಕೆಂಪಾಗಿದೆ."

"ಜಾಸ್ತಿ ಅಂದ್ರೆ ಒಳ್ಳೇದೇ ಅಲ್ವೇನಮ್ಮ?" ಖಲೀಲುಲ್ಲಾ ಏದುಸಿರಿನಲ್ಲೇ ಬೀಗಿದ.

"ಅಲ್ಲ ಖಲೀಲುಲ್ಲಾ ಅವರೇ. ಈ ಕಾಯಿಲೇಲಿ ಸಣ್ಣ ಕೆಲಸಕ್ಕೂ ಮೆದುಳು ಜಾಸ್ತಿ ಒದ್ದಾಡುತ್ತೆ, ಅದಕ್ಕೇ ಕೆಂಪು. ದಿನಾ ಅಭ್ಯಾಸ ಮಾಡಿದ್ರೆ ಒದ್ದಾಟ ಕಮ್ಮಿಯಾಗಿ ನೀಲಿ ಕಡೆ ಬರ್ಬಹುದು ಅಂತಾನೇ ನಾವು ಕಾಯ್ತಿರೋದು. ಇದನ್ನ ನೋಡಿದ್ರೆ ನೀವು ಒಂದು ದಿನಾನೂ ನಡೆದಿಲ್ಲ ಅನ್ಸುತ್ತೆ."

ಮುಜಾಮಿಲ್ ತಟ್ಟನೆ ಅಂಗಡಿಯ ಬಾಗಿಲು ತೆರೆದಿಟ್ಟು ಬಂದದ್ದು ನೆನಪಾಗಿ ಹೊರಟೇಹೋದ. ಅಫ್ಜಲುನ್ನೀಸಾ ನಿಧಾನವಾಗಿ ಗಂಡನ ಕಡೆ ತಿರುಗಿದಳು.

ಮುಳುಗುವವನಿಗೆ ಸಿಕ್ಕಿದ್ದೆಲ್ಲ ದೋಣಿಯೇ. ಖಲೀಲುಲ್ಲಾ ಸುತ್ತ ನೋಡಿದ. ಬೋರಯ್ಯ ಕಂಡ.

"ನಿಮ್ ಟೋಪೀನೇ ಕೆಟ್ಟಿರ್ಬೇಕು ಕಣಮ್ಮ! ಯಾರ್ ತಲೆಗೆ ಹಾಕುದ್ರೂ ಕೆಂಪೇ ತೋರುಸ್ತದೆ. ಬೇಕಾದ್ರೆ ಈ ಬೋರಯ್ಯಂಗೆ ಹಾಕಿ ನೋಡಿ. ಹುಟ್ಟಿದಾಗಿಂದ ಒಂದಿನ ವ್ಯಾಯಾಮ ಮಾಡ್ದೋನಲ್ಲ!"

"ನಂಗ್ಯಾಕ್ಲಾ?" ಬೋರಯ್ಯ ಹಿಂದೆ ಸರಿದ.

"ಹಾಕಿಸ್ಕೊಳ್ಳಿ ಬೋರಣ್ಣ," ಅಂದಳು ಅಫ್ಜಲುನ್ನೀಸಾ. ಆ ದನಿಗೆ ಬೋರಯ್ಯ ಬೆಳೆದ ಗಂಡಸು ಅನ್ನುವುದನ್ನೂ ಮರೆತು ಕುರ್ಚಿಯಲ್ಲಿ ಕೂತ. ಬೋಳುತಲೆಗೆ ಟೋಪಿ ಹೇಳಿ ಹೊಲಿಸಿದಂತೆ ಕೂತಿತು.

ಬೋರಯ್ಯ ನಡೆದ. ಹೆದರಿಕೆಯಲ್ಲಿ ತಪ್ಪು ನಡೆಯಬೇಕೆನ್ನುವುದೂ ಹೊಳೆಯಲಿಲ್ಲ. ಕಾಲು ತನ್ನ ಪಾಡಿಗೆ ರೂಢಿಯ ಕೆಲಸ ಮಾಡಿತು. ಹಿಮ್ಮಡಿಗೆ ಬೆರಳು, ಹಿಮ್ಮಡಿಗೆ ಬೆರಳು. ಪರದೆ ಶ್ರಾವಣದ ಕೆರೆಯಂತೆ ತಣ್ಣಗೆ, ನೀಲಿಯಾಗಿತ್ತು.

"ಕಾಯಿಲೆ ಇಲ್ಲದವರಲ್ಲೂ ಇಷ್ಟು ನೀಲಿ ನಾನು ನೋಡಿಲ್ಲ!" ವನಜಾಕ್ಷಿ ಎದ್ದು ನಿಂತರು. "ಇವರು ಇದೇ ವ್ಯಾಯಾಮ ಚೆನ್ನಾಗಿ ಅಭ್ಯಾಸ ಮಾಡಿದಾರೆ."

ಗೆರೆಯ ತುದಿ ಬಂತು. ಬೋರಯ್ಯ ತಿರುಗುವ ಮುಂಚೆ ಒಂಟಿ ಕಾಲಲ್ಲಿ ನಿಂತು, ಎಡಗಾಲಿನ ಹೆಬ್ಬೆರಳಿನಿಂದ ಬಲಗಾಲಿನ ಮೀನಖಂಡ ಪರಪರ ಕೆರೆದುಕೊಂಡ.

ಮುಂದಿನ ಕುರ್ಚಿ ಸರಕ್ಕನೆ ಹಿಂದೆ ಸರಿಯಿತು.

"ಈ ಕಾಲಿಗಾ," ಅಫ್ಜಲುನ್ನೀಸಾ ಒಂದೊಂದೇ ಮಾತು ಹೇಳಿದಳು, "ಈ ಕಾಲಿಗಾ ನಾನು ಫೋನಿಗೆ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಿದ್ದು?"

"ಅದಕ್ಕೇ ಭಾಬಿ, ನಂಗೊಂದಿನಾನೂ ಮಂಡಿನೋವು ಬರ್ಲಿಲ್ಲ," ಅಂದುಬಿಟ್ಟ ಬೋರಯ್ಯ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

ಖಲೀಲುಲ್ಲಾ ತಲೆ ತಗ್ಗಿಸಿದ. "ಬಿದ್ಬುಟ್ಟೆ ಕಣೇ, ಮೊದ್ಲನೇ ದಿನ. ಎಲ್ರೂ ನೋಡುದ್ರು. ಅಂಗಡಿ ಕಿತ್ಕೋಬೇಡ."

ಅವಳು ಅವನ ಹತ್ತಿರ ಬಂದಳು. ಆಮೇಲೆ ಸೆರಗಿನಿಂದಲೇ ಅವನ ಹಣೆಯ ಬೆವರು ಒರೆಸಿದಳು. "ಅಂಗಡಿ ಕಿತ್ಕೊಳಲ್ಲ. ವಾಸಿಫ್‌ಗೂ ಕೊಡಲ್ಲ."

ಖಲೀಲುಲ್ಲಾನ ಜೀವ ಮರಳಿ ಬಂತು. ಬೆಳಗಿನಿಂದ ಗಂಟಲಲ್ಲಿ ನಿಂತಿದ್ದ ಟೀ ಆಗ ಕೆಳಗಿಳಿಯಿತು. "ನೀನು ದೇವತೆ ಕಣೇ, ಫರಿಷ್ತಾ!"

ಸಂಜೆ ಅವನು ಅಂಗಡಿಯ ಬಾಗಿಲು ತೆಗೆದಾಗ ಹಿಂದೆಯೇ ಒಂದು ಆಟೋ ಬಂತು. ಮೊದಲು ಹುಣಸೆಹಣ್ಣಿನ ಮೂಟೆ ಇಳಿಯಿತು. ಆಮೇಲೆ ಒಂದು ಕುರ್ಚಿ. ಆಮೇಲೆ ಅತ್ತೆ.

"ಇನ್ಮೇಲೆ ಅಮ್ಮೀಜಾನ್ ಇಲ್ಲೇ ಕೂತ್ಕೋತಾರೆ," ಅಂದಳು ಅಫ್ಜಲುನ್ನೀಸಾ. "ವೀಡಿಯೊ ನಾನು ತೆಗೀತೀನಿ. ತಲೆಯಿಂದ ಕಾಲಿನವರೆಗೂ. ಬೀಳೋಹಂಗಾದ್ರೆ ಬೋರಣ್ಣ ಹಿಡ್ಕೋತಾರೆ."

ಅತ್ತೆ ಮೂಟೆ ಬಿಚ್ಚಿ ಮೊದಲ ಬೀಜ ತೆಗೆದಳು, ಮೊದಲ ಬುದ್ಧಿಮಾತು ಶುರುವಾಯಿತು. ಖಲೀಲುಲ್ಲಾ ಚಾಕಿನ ಗೆರೆಯ ಮೇಲೆ ನಿಂತ. ಹೊಸದಾಗಿ ಮೇಷ್ಟ್ರಾದ ಬೋರಯ್ಯ ಒಂದು ಕೈಯಲ್ಲಿ ಅವನ ರಟ್ಟೆ, ಇನ್ನೊಂದರಲ್ಲಿ ಅವನದೇ ಟೀ ಹಿಡಿದು, ಚಪ್ಪರಿಸುತ್ತ ಹೇಳಿದ:

"ಬೆಳ್ಳು ಮುಟ್ಟುಸ್ಲಾ ಹಿಮ್ಮಡೀಗೆ. ಅಂಗಲ್ಲ, ಇಂಗೆ. ನಾನೆಷ್ಟು ದಿನ ಮಾಡಿ ತೋರ್ಸಿಲ್ಲ ನಿಂಗೆ?"

ಆಗ ಖಲೀಲುಲ್ಲಾನ ಮೆದುಳು ಯಾವ ಬಣ್ಣದಲ್ಲಿತ್ತೆಂದು ನೋಡಲು ಯಾವ ಟೋಪಿಯೂ ಬೇಕಿರಲಿಲ್ಲ.