ತೊಳೆಯದೆ ಉಳಿದ ಒಂದೇ ಜಾಗ

ಮೊದಲಿಗೆ ಒಂದು ಕಳವಳಕಾರಿ ಸುದ್ದಿ. ನಮ್ಮ ಶವಾಗಾರದ ಅಳತೆ ಟೇಪು ಕಾಣೆಯಾಗಿತ್ತು. ಬೆಳಿಗ್ಗೆ ಎಂಟಕ್ಕೆ ವಿಷಯ ಬಯಲಾಯಿತು. ಹೆರಿಗೆ ವಾರ್ಡಿನವರು ಆರೋಪವನ್ನು ನಿರಾಕರಿಸಿದರು. ಔಷಧ ಕೊಠಡಿಯವರು ಹೆರಿಗೆ ವಾರ್ಡಿನ ಕಡೆ ಬೆರಳು ತೋರಿಸಿದರು. ಹತ್ತು ಗಂಟೆಯ ಹೊತ್ತಿಗೆ, ಟೇಪು ಹೋಗಿದ್ದು ಕಿಟಕಿಯ ಹೊಸ ಪರದೆ ಅಳೆಯಲು ಎಂಬಲ್ಲಿಗೆ ತನಿಖೆ ಬಂದು ನಿಂತಿತು. ಪರದೆ ಬಂದಿತ್ತು, ಟೇಪು ಬಂದಿರಲಿಲ್ಲ.

ಸರಕಾರಿ ವೈದ್ಯನಾಗಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲ ಕಡೆ ತಿರುಗಿದ್ದೇನೆ. ಇದು ಯಾವ ಊರಿನ ಸಂಗತಿ ಎಂದು ಹೇಳುವುದಿಲ್ಲ. ನಾಲ್ಕೂ ಊರಿನವರು ಪಕ್ಕದ ಊರಿನದು ಎಂದುಕೊಂಡು ನೆಮ್ಮದಿಯಾಗಿರಲಿ. ಇಂಥವು ಆಗುತ್ತಲೇ ಇರುತ್ತವೆ, ಆಗಬಾರದ ದಿನವೇ ಆಗುತ್ತವೆ. ಆ ದಿನ, ಬಂದೂಕಿನ ಗುಂಡು ತಗುಲಿ ಸತ್ತ ಒಬ್ಬ ರೈತರು ನಮ್ಮಲ್ಲಿಗೆ ಬರುವವರಿದ್ದರು.

೧. ಕುಳಿತು ಬಂದವರು

ಅವರು ಬಂದದ್ದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಕುಳಿತುಕೊಂಡು.

ಅವರ ಮನೆತನದಲ್ಲಿ ಸತ್ತವರನ್ನು ಕೂಡಿಸಿಯೇ ಮಣ್ಣು ಮಾಡುತ್ತಾರೆ. ಪೊಲೀಸರು ಹಳ್ಳಿ ತಲುಪುವ ಹೊತ್ತಿಗೆ ಮೈ ತೊಳೆದು, ಮೈತುಂಬ ವಿಭೂತಿ ಬಳಿದು, ಹೊಸ ಧೋತರ ಉಡಿಸಿ, ತಲೆಗೆ ಪಟಗಾ ಸುತ್ತಿ, ಗೋಡೆಗೆ ಒರಗಿಸಿ ಕೂಡಿಸಿಯಾಗಿತ್ತು. ಮೈ ಹಾಗೆಯೇ ಸೆಟೆದುಕೊಂಡಿತ್ತು, ಹಾಗೆಯೇ ತಂದರು. ದಾರಿಯಲ್ಲಿ ಪರವೂರಿನವರೊಬ್ಬರು ಕೈಮುಗಿದು, "ಎಲ್ಲಿಗೆ ಹೊಂಟಾರ್ರಿ ಗೌಡ್ರು?" ಎಂದು ಕೇಳಿದರಂತೆ.

"ದವಾಖಾನಿಗೆ," ಎಂದನಂತೆ ಟ್ರ್ಯಾಕ್ಟರಿನವನು.

"ಮೈಯಾಗ ಆರಾಮ ಇಲ್ಲೇನು?"

"ಅಷ್ಟೇನ ಆರಾಮ ಇಲ್ರಿ."

೨. ಪಂಚರ ಅಭಿಪ್ರಾಯ

ನಡೆದದ್ದು ಇಷ್ಟು. ಗೋವಿನಜೋಳಕ್ಕೆ ಕಾಡುಹಂದಿಗಳು ಬೀಳುತ್ತವೆ ಎಂದು ಹೊಲ ಕಾಯಲು ಹೋದವರು ಹಿಂದಿನ ದಿನ ಬೆಳಗಾದಾಗ ಬದುವಿನ ಮೇಲೆ ಸತ್ತು ಬಿದ್ದಿದ್ದರು. ಎದೆಯ ಕೆಳಭಾಗದಲ್ಲಿ ಒಂದು ಸಣ್ಣ ತೂತು, ಬೆನ್ನಿನಲ್ಲಿ ಒಂದು ದೊಡ್ಡ ತೂತು. ಹತ್ತಿರದಲ್ಲಿ ಬಂದೂಕು ಇರಲಿಲ್ಲ. ಬೆನ್ನು ಇದ್ದದ್ದು ಪಕ್ಕದ ಹೊಲದ ಕಡೆಗೆ. ಆ ಹೊಲದವನಿಗೂ ಇವರಿಗೂ ಬದುವಿನ ತಕರಾರು ಹಳೆಯದು. "ಒಂದ ದಿನ ನಿನಗ ಗುಂಡು ಹಾಕತೇನಿ" ಎಂದು ಅವನು ಊರ ಮುಂದೆ ಹೇಳಿದ್ದೂ ಉಂಟು. ಆದ್ದರಿಂದ ಅವನು ಠಾಣೆಯ ಲಾಕಪ್ಪಿನಲ್ಲಿದ್ದ. ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ಅವನಿಗೆ ಆಗಲೇ ಜೀವಾವಧಿ ಶಿಕ್ಷೆಯಾಗಿತ್ತು.

ಪಂಚನಾಮೆಗೆ ಬಂದಿದ್ದ ಇಬ್ಬರು ಪಂಚರು ನನ್ನ ಕೋಣೆಗೆ ಬಂದರು. ಹಿರಿಯರು ಕುರ್ಚಿ ಎಳೆದುಕೊಂಡು ಕುಳಿತರು.

"ಕೊಯ್ಯೂದು ಯಾಕ ಬೇಕ್ರಿ ಸಾಹೇಬ್ರ? ಕಣ್ಣಿಗೆ ಕಾಣಸ್ತೈತಿ. ದೊಡ್ಡ ತೂತಿನಿಂದ ಒಳಗ ಹೋಗೇತಿ, ಸಣ್ಣ ತೂತಿನಿಂದ ಹೊರಗ ಬಂದೈತಿ."

"ಗುಂಡು ಒಳಗೆ ಹೋದ ಮೇಲೆ ಸಣ್ಣದು ಹೇಗಾಯಿತು?" ಎಂದೆ.

"ಎಲುವಿಗೆ ತಿಕ್ಕಿ ಸವದೈತಿ."

ಎರಡನೆಯವರಿಗೆ ಇದು ಒಪ್ಪಿಗೆಯಾಗಲಿಲ್ಲ. "ಎರಡು ತೂತು ಅಂದ್ರ ಎರಡು ಗುಂಡು. ಎರಡು ಗುಂಡು ಅಂದ್ರ ಇಬ್ಬರು ಹೊಡದಾರ."

"ಇನ್ನೊಬ್ಬ ಯಾರು?"

"ಅದನ್ನ ಫೌಜದಾರ್ರು ಹುಡುಕ್ಲಿ. ಎಲ್ಲಾ ನಾವ ಹೇಳಿದ್ರ ಅವರಿಗೆ ಪಗಾರ ಯಾಕ?"

ನಾನು ವಿವರಿಸಿದೆ. ಗುಂಡು ಸಾಮಾನ್ಯವಾಗಿ ಸಣ್ಣ ದಾರಿ ಮಾಡಿಕೊಂಡು ಒಳಗೆ ಹೋಗಿ, ಹೊರಬರುವಾಗ ಹರಿದುಕೊಂಡು ಬರುತ್ತದೆ. ಕೆಲವೊಮ್ಮೆ ಇದಕ್ಕೆ ತದ್ವಿರುದ್ಧವಾಗಿಯೂ ಆಗುತ್ತದೆ. ಹೊರಗಿನ ಗಾಯದ ಗಾತ್ರವನ್ನು ನಂಬಿ ಯಾರನ್ನೂ ಜೈಲಿಗೆ ಕಳಿಸಲಾಗದು, ಒಳಗಿನ ದಾರಿ ನೋಡಲೇಬೇಕು.

ಹಿರಿಯ ಪಂಚರು ಗಮನವಿಟ್ಟು ಕೇಳಿದರು. "ಅಂದ್ರ ಈ ಕ್ಷಣಕ್ಕ ನಿಮಗೂ ಗೊತ್ತಿಲ್ಲ."

"ಇಲ್ಲ."

"ಹಂಗಾರ ನಾವೂ ನೀವೂ ಒಂದ ಆದಿವಿ," ಎಂದು ಸಮಾಧಾನದಿಂದ ಮೂರು ಕಪ್ ಚಹಾ ತರಲು ಹೇಳಿದರು.

೩. ಸರಕಾರಕ್ಕೆ ಕೊಟ್ಟ ಅಂಗಿ

ಹೊರಗೆ ಶವಾಗಾರದ ಪಡಸಾಲೆಯ ಒಂದು ತುದಿಯಲ್ಲಿ ಸತ್ತವರ ಹೆಂಡತಿ ಕುಳಿತಿದ್ದರು. ಇನ್ನೊಂದು ತುದಿಯಲ್ಲಿ ಲಾಕಪ್ಪಿನಲ್ಲಿದ್ದವನ ಹೆಂಡತಿ. ಇಬ್ಬರಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಅದು ಬದುವಿನಿಂದಾಗಿ ಅಲ್ಲ, ಸೀರೆಯಿಂದಾಗಿ. ಹಗ್ಗದ ಮೇಲೆ ಒಣಹಾಕಿದ್ದ ತಮ್ಮ ಇಳಕಲ್ ಸೀರೆಯನ್ನು ಆಕೆಯೇ ಕದ್ದಳೆಂದು ಸತ್ತವರ ಹೆಂಡತಿ ಓಣಿಗೆಲ್ಲ ಸಾರಿದ್ದರು.

ನಾನು ಹಾದುಹೋಗುವಾಗ ಲಾಕಪ್ಪಿನವನ ಹೆಂಡತಿ ಎದ್ದು ನಿಂತಳು. "ಸಾಹೇಬ್ರ, ನನ್ನ ಗಂಡ ದೀಪಾವಳಿ ಪಟಾಕಿ ಸಪ್ಪಳಕ್ಕ ಅಡಗಿ ಮನ್ಯಾಗ ಹೋಗಿ ಬಾಗಲಾ ಹಾಕ್ಕೋತಾನ್ರಿ. ಬಂದೂಕು ಎಲ್ಲಿ ಹಿಡೀತಾನ? ಬಾಯಿ ಅಷ್ಟ ದೊಡ್ಡದು ಅವಂದು. ಎರಡು ಹೆಣ್ಣು ಮಕ್ಕಳದಾವ್ರಿ. ಸರಿಯಾಗಿ ನೋಡಿ ಬರೀರಿ."

ಸರಿಯಾಗಿ ನೋಡಲು ಮೊದಲು ಬೇಕಾದದ್ದು ಸತ್ತಾಗ ತೊಟ್ಟಿದ್ದ ಅಂಗಿ. ಹತ್ತಿರದಿಂದ ಹೊಡೆದಿದ್ದರೆ ಬಟ್ಟೆಯ ಮೇಲೆ ಮದ್ದಿನ ಮಸಿ ಇರುತ್ತದೆ. ತನಿಖೆಗೆ ಬಂದಿದ್ದ ಫೌಜದಾರರು, ಅಂದರೆ ಸಬ್ ಇನ್‌ಸ್ಪೆಕ್ಟರು, ಅದನ್ನು ಕೇಳಿದರು. ಸತ್ತವರ ತಮ್ಮ ಬಟ್ಟೆ ಅಂಗಡಿಯ ಚೀಲದಿಂದ ಅಂಗಿ ತೆಗೆದುಕೊಟ್ಟ.

ಒಗೆದು, ನೀಲಿ ಹಾಕಿ, ಇಸ್ತ್ರಿ ಮಾಡಿದ ಅಂಗಿ. ಎದೆಯ ತೂತಿಗೆ ಅಂದವಾಗಿ ರಫು ಮಾಡಿಸಲಾಗಿತ್ತು. ಬೆನ್ನಿನದು ದೊಡ್ಡದಾದ್ದರಿಂದ ಅದಕ್ಕೆ ತೇಪೆ.

"ಯಾಕಪ್ಪಾ ಹಿಂಗ ಮಾಡಿದಿ?" ಎಂದರು ಫೌಜದಾರರು.

"ಸರಕಾರದವರು ಕೇಳ್ಯಾರ ಅಂದ್ರ ಹರಕ ಅಂಗಿ ಹೆಂಗ ಕೊಡೂದ್ರಿ?"

ಹೆಣ ಬಿದ್ದಿದ್ದ ಜಾಗವನ್ನಾದರೂ ನೋಡೋಣವೆಂದು ಫೌಜದಾರರು ಬೆಳಿಗ್ಗೆಯೇ ಹೊಲಕ್ಕೆ ಹೋಗಿ ಬಂದಿದ್ದರು. ಸಾಹೇಬರು ಬರುತ್ತಾರೆಂದು ಮನೆಯವರು ಅಲ್ಲಿಯೂ ಕಸ ಗುಡಿಸಿ, ಸಗಣಿ ನೀರು ಚಿಮುಕಿಸಿ, ಕುರ್ಚಿ ಹಾಕಿಟ್ಟಿದ್ದರಂತೆ. ಈಗ ಫೌಜದಾರರು ಅಂಗಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. "ಇಸ್ತ್ರಿ ಚೊಲೋ ಬಿದ್ದೈತಿ," ಎಂದಷ್ಟೇ ಹೇಳಿ ನನ್ನ ಕಡೆ ನೋಡಿದರು.

ಆ ಕುಟುಂಬದವರು ತೊಳೆಯದೆ ಬಿಟ್ಟಿದ್ದ ಒಂದೇ ಜಾಗವೆಂದರೆ ದೇಹದ ಒಳಗಡೆ.

೪. ಅಳತೆ

ಎರಡು ಗಾಯಗಳಲ್ಲಿ ಯಾವುದು ಮೇಲಿದೆ, ಎಷ್ಟು ಮೇಲಿದೆ ಎಂದು ಹಿಮ್ಮಡಿಯಿಂದ ಅಳೆಯಬೇಕು. ಅದರಿಂದ ಗುಂಡು ಯಾವ ಓರೆಯಲ್ಲಿ ಹೋಯಿತೆಂದು ತಿಳಿಯುತ್ತದೆ. ಶವಾಗಾರದ ನಮ್ಮ ಸಹಾಯಕ ನಿವೃತ್ತಿಗೆ ಹತ್ತಿರ ಬಂದವನು, ನನಗಿಂತ ಹೆಚ್ಚು ಹೆಣ ನೋಡಿದವನು. ಸೆಟೆದ ಕೈಕಾಲುಗಳನ್ನು ಮೆಲ್ಲಗೆ ಸಡಿಲಿಸಿ ಮಲಗಿಸಿದ್ದ. ಇಲ್ಲದ್ದು ಟೇಪು ಮಾತ್ರ. ಎದುರಿಗಿದ್ದ ದರ್ಜಿ ಅಂಗಡಿಗೆ ಹೇಳಿ ಕಳಿಸಿದೆ.

"ಟೇಪು ಕೊಡೂದಿಲ್ರಿ," ಎಂದು ದರ್ಜಿ ಶವಾಗಾರದ ಬಾಗಿಲಿಗೇ ಬಂದು ಹೇಳಿದ. "ಹಿಂದ ಪರದೆ ಹೊಲ್ಯಾಕ ಬಂದಾಗ ಇಲ್ಲೇ ಒಂದು ಮರತು ಹೋಗೇನಿ, ಇನ್ನೂ ಸಿಕ್ಕಿಲ್ಲ. ಬೇಕಾದ್ರ ನಾನ ಬಂದು ಹಿಡೀತೇನಿ."

ಹೀಗೆ ನಮ್ಮದೂ ಅವನದೂ ಸೇರಿ ಎರಡು ಟೇಪು ನಾಪತ್ತೆಯಾದದ್ದು ಬೆಳಕಿಗೆ ಬಂತು.

ಅವನು ಒಳಗೆ ಬಂದು ಮುಖ ಗೋಡೆಯ ಕಡೆ ತಿರುಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಟೇಪಿನ ಒಂದು ತುದಿ ಹಿಡಿದ. ಇನ್ನೊಂದು ತುದಿ ಸಹಾಯಕ ಹಿಡಿದು ಓದಿದ. ಎದೆಯ ಗಾಯ ನಲವತ್ತಾರು ಇಂಚು. ಬೆನ್ನಿನ ಗಾಯ ಐವತ್ತೆರಡು.

ಎರಡನ್ನೂ ಬರೆದುಕೊಂಡೆ. ದರ್ಜಿ ಕಣ್ಣು ಮುಚ್ಚಿಯೇ ಕೇಳಿದ: "ಒಂದಿಂಚು ಸಡ್ಲ ಬಿಡ್ಲೇನ್ರಿ?"

೫. ಸೆರಗು

ವಿಭೂತಿ ಒರೆಸಿ, ಕೊಯ್ದು ನೋಡಿದೆವು. ಎದೆಯ ಸಣ್ಣ ತೂತಿನ ಒಳಗಿನ ದಾರಿಯೆಲ್ಲ ಮದ್ದಿನ ಮಸಿಯಿಂದ ಕಪ್ಪಾಗಿತ್ತು. ಅಲ್ಲಿ ಮುರಿದ ಪಕ್ಕೆಲುಬಿನ ಚೂರುಗಳು ಒಳಮುಖವಾಗಿ ಹೊಕ್ಕಿದ್ದವು. ಬೆನ್ನಿನ ತೂತಿನಲ್ಲಿ ಮಾಂಸ ಹೊರಮುಖವಾಗಿ ಹರಿದಿತ್ತು, ಮಸಿಯ ಸುಳಿವಿರಲಿಲ್ಲ. ಒಂದೇ ಗುಂಡು. ಮುಂದಿನಿಂದ, ಕೆಳಗಿನಿಂದ ಮೇಲಕ್ಕೆ, ಗೇಣು ದೂರದಿಂದ. ಪಕ್ಕದ ಹೊಲ ಇದ್ದದ್ದು ಬೆನ್ನ ಹಿಂದೆ.

ಸಹಾಯಕ ಪಕ್ಕೆಲುಬಿನ ಕೆಳಗಿನಿಂದ ಸುಟ್ಟ ಅರಿವೆಯ ಉಂಡೆಯೊಂದನ್ನು ಚಿಮಟದಿಂದ ಎಳೆದ.

"ನಾಡ ಬಂದೂಕಿಂದ್ರಿ ಇದು. ಮದ್ದು ಹಾಕಿ ಮ್ಯಾಲೆ ಚಿಂದಿ ತುರುಕ್ತಾರಲ್ಲ, ಅದು. ದೂರದಿಂದ ಹೊಡದ್ರ ದಾರ್ಯಾಗ ಬೀಳ್ತೈತಿ, ಒಳಗ ಬರೂದಿಲ್ಲ."

ತಟ್ಟೆಯಲ್ಲಿಟ್ಟು ಬಿಡಿಸಿದಾಗ ಸುಡದೆ ಉಳಿದ ಅಂಚಿನಲ್ಲಿ ಕೆಂಪು ಕಂಡಿತು, ಕೆಂಪಿನ ಮೇಲೆ ಬಿಳಿ ತೆನೆಯ ನೇಯ್ಗೆ. ಫೌಜದಾರರು ತಟ್ಟೆಯನ್ನು ಪಡಸಾಲೆಗೆ ಒಯ್ದು ತೋರಿಸಿದರು. ಸತ್ತವರ ತಮ್ಮ ಕೂಡಲೇ ಕೈಚಾಚಿದ. "ಕೊಡ್ರಿ, ಒಂದೀಟು ತೊಳಕೊಂಡು..."

"ಮುಟ್ಟಬ್ಯಾಡ!" ಎಂದು ಫೌಜದಾರರೂ ನಾನೂ ಸಹಾಯಕನೂ ಒಂದೇ ದನಿಯಲ್ಲಿ ಕೂಗಿದೆವು.

ಸತ್ತವರ ಹೆಂಡತಿ ಬಾಗಿ ನೋಡಿದರು.

"ಇದು ನನ್ನ ಇಳಕಲ್ ಸೀರಿ ಸೆರಗು," ಎಂದರು. "ಬಂದೂಕಿಗೆ ಚಿಂದಿ ಬೇಕಂತ ನಮ್ಮ ಮನಿಯವರ ಹರದಾರ. ಕೇಳಿದ್ರ, ನನಗೇನ ಗೊತ್ತು ಅಂದಿದ್ರು."

ಪಡಸಾಲೆಯ ಆ ತುದಿಯಿಂದ ದನಿ ಬಂತು. "ಎರಡು ವರ್ಷ ಓಣಿ ತುಂಬ ಹೇಳಿದೆಲ್ಲವ್ವಾ, ನಾ ಕದ್ದೇನಿ ಅಂತ."

ಫೌಜದಾರರು ತಮ್ಮನ ಕಡೆ ತಿರುಗಿದರು. "ಅಂದ್ರ ನಿಮ್ಮ ಮನ್ಯಾಗ ಬಂದೂಕು ಐತಿ."

ಅವನು ನೆಲ ನೋಡಿದ. "ಅಜ್ಜಂದ್ರಿ. ಲೈಸೆನ್ಸು ಅಜ್ಜನ ಕೂಡ ಹೋತ್ರಿ. ನಿನ್ನೆ ಬೆಳಿಗ್ಗೆ ನಾನ ಮೊದಲ ಹೋಗಿದ್ದೆ. ಅಣ್ಣ ಬಂದೂಕಿನ ನಳಗಿ ಹಿಡಿದು ಎಳಕೊಂಡು ಬದು ಹತ್ತಿರಬೇಕು, ಹಿಂದಿನ ತುದಿ ಟ್ರಿಗರ್ ಸಮೇತ ಜಾಲಿಕಂಟಿ ಮುಳ್ಳಿನೊಳಗ ಸಿಕ್ಕಿತ್ತು. ಬಿಡಿಸಿ ಮನಿಗೆ ಒಯ್ದೆ."

"ಯಾಕ?"

"ಸತ್ತ ಮ್ಯಾಲೆ ಅಣ್ಣನ್ನ ಅರೆಸ್ಟ್ ಮಾಡಿದ್ರ ಏನ ಗತಿ ಅಂತ್ರಿ."

"ಪಕ್ಕದ ಹೊಲದಂವನ್ನ ಹಿಡಕೊಂಡು ಹೋದಾಗರೆ ಹೇಳಬೇಕಿಲ್ಲೋ?"

"ಬೆನ್ನಿನ ತೂತು ದೊಡ್ಡದಿತ್ತಲ್ರಿ. ಅವನ ಹೊಡದಾನ ಅಂತ ನನಗೂ ಅನಸ್ತು."

ಒಂದು ತಾಸಿನಲ್ಲಿ ಬಂದೂಕು ಬಂತು. ನಳಿಗೆಯ ಒಳಗೂ ಹೊರಗೂ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಲಾಗಿತ್ತು.

ಸತ್ತವರ ಹೆಂಡತಿ ಎದ್ದು ಪಡಸಾಲೆಯ ಆ ತುದಿಗೆ ಹೋಗಿ ಕುಳಿತರು. "ತಪ್ಪಾತವ್ವಾ," ಎಂದರು. "ಸೀರಿ ಮಾತು ಬಿಟ್ಟಬಿಡು."

ಆಕೆ ಕಣ್ಣೊರೆಸಿಕೊಂಡಳು. ಅವರ ಕೈ ಹಿಡಿದುಕೊಂಡಳು. ಕೈ ಬಿಡದೆಯೇ ಹೇಳಿದಳು: "ಪೊಲೀಸ್ರು ಮೊದಲ ನನ್ನ ಗಂಡನ್ನ ಬಿಡ್ಲಿ. ಆಮ್ಯಾಲೆ ನಾ ಸೀರಿ ಬಿಡತೇನಿ."

ಮರಣೋತ್ತರ ಪರೀಕ್ಷೆಯ ವರದಿಯನ್ನು ಅಂದು ಸಂಜೆಯೇ ಕೊಟ್ಟೆ. ಮೂರನೆಯ ದಿನ ಪಕ್ಕದ ಹೊಲದವನನ್ನು ಬಿಟ್ಟರು. ಸಾವು ಆಕಸ್ಮಿಕ ಎಂದು ದಾಖಲಾಯಿತು. ಬಂದೂಕು ಠಾಣೆಯಲ್ಲಿದೆ.