ತೊಳೆಸದೆ ಉಳಿದಿದ್ದ ರೀಲು

ತೀರಿಕೊಂಡವರ ನಗುವಿನ ವಿಷಯವನ್ನು ನಗೆಕತೆ ಮಾಡಿ ಹೇಳುವುದು ಸರಿಯೋ ತಪ್ಪೋ, ನನಗಿನ್ನೂ ಅನುಮಾನ. ತಪ್ಪಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕನ್ನಡಕದ ಅಂಗಡಿಯವರ ಹೆಂಡತಿ ಹೋಗಿ ವರ್ಷವಾಗಿತ್ತು. ಮೊಬೈಲಿನಲ್ಲಿ ಅವಳ ಫೋಟೋಗಳಿಗೇನೂ ಬರವಿರಲಿಲ್ಲ. ಎಲ್ಲದರಲ್ಲೂ ಹಲ್ಲುನೋವು ಬಂದವಳ ಮುಖ. ಅವಳು ನಕ್ಕಿದ್ದೆಲ್ಲ ಮಾವ ಕೊಟ್ಟ ಹಳೆಯ ಕ್ಯಾಮೆರಾದ ರೀಲಿನೊಳಗಿತ್ತು. ಒಂದು ಭಾನುವಾರ ತಾರಸಿಯ ಮೇಲೆ ಇವರೇ ತೆಗೆದದ್ದು. ಬಟನ್ ಒತ್ತಿದಾಗಲೆಲ್ಲ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

"ಯಾಕೇ?" ಅಂದರೆ, "ಏನಿಲ್ಲ, ಒತ್ತಿ ಒತ್ತಿ" ಅಂದಿದ್ದಳು. ಕೊನೆಗೆ, "ಒಂದು ಉಳಿದಿದೆ. ಅದೂ ಮುಗೀಲಿ, ಆಮೇಲೆ ತೊಳೆಸೋಣ." ಆ ಒಂದನ್ನು ಮುಗಿಸಲು ಇವರಿಗೆ ಮನಸ್ಸೇ ಬಂದಿರಲಿಲ್ಲ.

ಊರಲ್ಲಿ ಇನ್ನೂ ರೀಲು ತೊಳೆಯುತ್ತಿದ್ದ ಒಂದೇ ಒಂದು ಸ್ಟುಡಿಯೋ ಆ ದಿನ ಸಂಜೆ ಶಾಶ್ವತವಾಗಿ ಬಾಗಿಲು ಹಾಕುವುದಿತ್ತು. ಕ್ಯಾಮೆರಾ ಹೊರಗೆ ತೆಗೆದದ್ದೇ ತಡ, ಮನೆಯವರು, ನೆರೆಯವರು ಬೆಲ್ಲಕ್ಕೆ ಇರುವೆಯ ಹಾಗೆ ಮುತ್ತಿಕೊಂಡರು.

"ಸ್ಟುಡಿಯೋ ಯಾಕೆ ಭಾವ? ಕಂಪ್ಯೂಟರಿಗೆ ಹಾಕಿದ್ರೆ ತಾನೇ ಇಳಿಯುತ್ತೆ," ಅಂದ ಬಾಮೈದ. ಕ್ಯಾಮೆರಾ ಕಸಿದುಕೊಂಡು, ಮುಂದಿನ ಕರಿ ಮುಚ್ಚಳ ಕಿತ್ತು ಜೇಬಿಗೆ ಹಾಕಿ, "ವೈರ್ ಚುಚ್ಚೋ ತೂತು ಎಲ್ಲಿ?" ಅಂತ ಹುಡುಕತೊಡಗಿದ.

"ಹಿಂದುಗಡೆ ಇರುತ್ತೆ, ಬಿಚ್ಚಿ ನೋಡಪ್ಪ," ಅಂದರು ಕೆಳಮನೆಯ ಅಜ್ಜಿ.

"ಬಿಚ್ಚಬೇಡ ಕಣೋ! ಬೆಳಕು ಬಿದ್ರೆ ನಿಮ್ಮಕ್ಕ ಅಳಿಸಿಹೋಗ್ತಾಳೆ!"

ಕನ್ನಡಕದವರು ಕೂಗುತ್ತಲೇ ಬಾಮೈದನ ಮೇಲೆ ಬಿದ್ದರು. ಎಳೆದಾಟದಲ್ಲಿ ಬಟನ್ ಟಕ್ ಅಂತು. ಉಳಿದಿದ್ದ ಒಂದೂ ಮುಗಿಯಿತು. ಕ್ಯಾಮೆರಾವನ್ನು ಎಳೆಗೂಸಿನಂತೆ ಅವಚಿಕೊಂಡು ಓಡಿದರು. ಹಿಂದೆ ಬಾಮೈದ, ಅವನ ಹಿಂದೆ ಏದುಸಿರು ಬಿಡುತ್ತ ಅಜ್ಜಿ.

ಸ್ಟುಡಿಯೋದ ಮುದುಕ ಕತ್ತಲೆಕೋಣೆಯಿಂದ ಬಹಳ ಹೊತ್ತು ಬರಲಿಲ್ಲ. ಬಂದು, ತಲೆ ಎತ್ತದೆ ಒಂದೇ ಒಂದು ಫೋಟೋ ಮೇಜಿನ ಮೇಲಿಟ್ಟ.

"ಯಜಮಾನ್ರೇ, ಕೊನೇದು ಚೆನ್ನಾಗಿ ಬಂದಿದೆ."

ಅದರಲ್ಲಿದ್ದದ್ದು ಬಾವಿಯಷ್ಟು ಬಾಯಿ ತೆರೆದ ಕನ್ನಡಕದವರು.

"ಮಿಕ್ಕಿದ್ದು?"

"ಬೆಳಕೇ ಬಿದ್ದಿಲ್ಲ. ಇದರಲ್ಲಿ ನೋಡೋ ಕಿಂಡಿ ಬೇರೆ, ಫೋಟೋ ತೆಗೆಯೋ ಕಣ್ಣು ಬೇರೆ. ಕಣ್ಣಿಗೆ ಮುಚ್ಚಳ ಹಾಕಿಟ್ಟೇ ಎಲ್ಲಾನೂ ಒತ್ತಿದೀರಿ."

ಬಾಮೈದ ಜೇಬಿನಿಂದ ಕರಿ ಮುಚ್ಚಳ ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟ.

"ಊರವರ ಕಣ್ಣೆಲ್ಲ ಸರಿಮಾಡ್ತೀಯಲ್ಲೋ..." ಅಂದ ಅಜ್ಜಿ, ಅವರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಕನ್ನಡಕದವರು ಮುಚ್ಚಳವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಎದುರಿಗಿದ್ದವಳಿಗೆ ಇದು ಕಂಡಿರಲೇಬೇಕು. ಅದಕ್ಕೇ ಅಷ್ಟು ನಕ್ಕಳೋ, ಅಥವಾ ಅವತ್ತು ಸುಮ್ಮನೆ ಖುಷಿಯಾಗಿದ್ದಳೋ? ಅವರಿಗೆ ತಿಳಿಯಲಿಲ್ಲ. ಹೇಳುತ್ತಿರುವ ನನಗೂ ಗೊತ್ತಿಲ್ಲ.