ಭರಮನಿಗೆ ಧಿಕ್ಕಾರ

ನಲವತ್ತು ವರ್ಷದಿಂದ ಹಸಿರು ಶಾಲು ಹೊದ್ದವನು ನಾನು. ಮಂತ್ರಿಗಳಿಗೆ ಘೇರಾವ್ ಹಾಕಿದ್ದೇನೆ, ಹನ್ನೊಂದು ಸಲ ಪೊಲೀಸ್ ವ್ಯಾನ್ ಹತ್ತಿದ್ದೇನೆ, ಒಮ್ಮೆ ಲಾಠಿ ಮುರಿಯುವವರೆಗೆ ಬೆನ್ನು ಕೊಟ್ಟಿದ್ದೇನೆ. ಇಂಥ ನಾನು ಒಂದು ಸಿನಿಮಾ ನೋಡದೆ ಇರಲಾರೆನೆ? ಶಿಕಾರಿಪುರದ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ತಟ್ಟೆಯ ಮೇಲೆ ಕೈಯಿಟ್ಟು ಘರ್ಜಿಸಿಬಿಟ್ಟೆ.

"'ನೇಗಿಲ ಭರಮ' ಮೂರನೇ ಭಾಗ ನಾನು ನೋಡಾದಿಲ್ಲ! ತಾಲ್ಲೂಕಿನಾಗೆ ಯಾರಿಗೂ ನೋಡಾಕೆ ಬಿಡಾದಿಲ್ಲ!"

ಭರಮ ಎಂದರೆ ಸಾಮಾನ್ಯದವನಲ್ಲ. ಮೊದಲನೇ ಭಾಗದಲ್ಲಿ, ದಾಖಲೆಯಲ್ಲಿ 'ಬೀಳು' ಎಂದು ಬರೆದಿದೆಯೆಂದು ತಾಲ್ಲೂಕು ಕಚೇರಿಯ ಅಂಗಳವನ್ನೇ ಉತ್ತು ಮೆಕ್ಕೆಜೋಳ ಬಿತ್ತಿದ ಮಹಾಪುರುಷ! ಒಂಬತ್ತು ಸಲ ನೋಡಿದೆ. ಆರು ಸಲ ಹೆಂಡತಿ ನೀಲಾಂಬಿಕ ಜತೆಗಿದ್ದಳು. ಎರಡನೇ ಭಾಗ ಸ್ವಲ್ಪ ಕುಂಟಿತು, ಆದರೂ ಎತ್ತುಗಳು ಚೆನ್ನಾಗಿದ್ದವು. ಮೂರನೆಯದರ ಟ್ರೇಲರಿನಲ್ಲೇನಿದೆ? ಭರಮ ಕಪ್ಪು ಕನ್ನಡಕ ಹಾಕಿ ಹೆಲಿಕಾಪ್ಟರಿನಿಂದ ಇಳಿಯುತ್ತಾನೆ! ಹಿಮದಲ್ಲಿ ಕುಣಿಯುತ್ತಾನೆ! ಎತ್ತುಗಳೆಲ್ಲಿ ಸ್ವಾಮೀ?

ಮನೆಗೆ ಬಂದರೆ ನೀಲಾಂಬಿಕ ಮುಖ ಊದಿಸಿ ಕೂತಿದ್ದಳು.

"ಆರು ವರ್ಷದಿಂದ ಕಾದೀನ್ರಿ. ಜೋಡೀಲಿ ನೋಡಾಣ ಅಂದಿದ್ರಿ."

"ಅದು ಎತ್ತು ಇದ್ದಾಗಿನ ಮಾತು!"

"ಒಂದು ಎತ್ತು ಮನೇಲೇ ಐತಲ್ಲ, ಸಾಲದಾ?"

ಅಷ್ಟರಲ್ಲಿ ನಾನು ಅಧ್ಯಕ್ಷನಾಗಿರುವ ರೈತ ಸಂಘದ ಕಾರ್ಯದರ್ಶಿ ತೀರ್ಥೇಶ್ ನನ್ನ ಘರ್ಜನೆಯನ್ನು ಸಂಘದ ವಾಟ್ಸಾಪ್ ಗುಂಪಿಗೆ ಏರಿಸಿಯಾಗಿತ್ತು. ಸಂಜೆಯೊಳಗೆ ಅದು ತಾಲ್ಲೂಕು ಸಮಿತಿಯ ನಿರ್ಣಯವಾಯಿತು. ಇನ್ನು ಹಿಂದೆ ಸರಿಯುವ ಪ್ರಶ್ನೆಯೇ ಇಲ್ಲ!

ಶುಕ್ರವಾರ ಟಾಕೀಸಿನ ಮುಂದೆ ಧರಣಿ. ಮೂವತ್ತು ವರ್ಷದಲ್ಲಿ ಒಂದು ಧರಣಿಯನ್ನೂ ತಪ್ಪಿಸದ ನೀಲಾಂಬಿಕ ಅಂದು ತಲೆನೋವೆಂದು ಮಲಗಿಬಿಟ್ಟಳು. ವಿಚಿತ್ರವೆಂದರೆ ಸಂಘದ ಹೆಂಗಸರಿಗೆಲ್ಲ ಅದೇ ದಿನ ತಲೆನೋವು. ಹಾಳಾಗಲಿ ಎಂದು ಗಂಡಸರೇ ಗಂಟಲು ಹರಿದುಕೊಂಡೆವು.

"ಎತ್ತು ಮಾರಿದ ಭರಮನಿಗೆ..."

"ಧಿಕ್ಕಾರ!"

ಧರಣಿ ನೋಡಲು ಪೇಟೆಯೇ ಬಂತು. ಬಂದವರು ಹೇಗೂ ಬಂದಿದ್ದೇವಲ್ಲ ಎಂದು ಟಿಕೆಟ್ ತೆಗೆದುಕೊಂಡು ಒಳಗೆ ಹೋದರು. ಹನ್ನೊಂದು ಗಂಟೆಗೆ ಹೌಸ್‌ಫುಲ್ ಬೋರ್ಡು! ಟಾಕೀಸಿನ ಮಾಲೀಕ ಪರಮಶಿವಪ್ಪ ತಾನೇ ಕೆಟಲ್ ಹಿಡಿದು ನಮಗೆ ಚಹಾ ತಂದ.

"ಕೂಗ್ರಿ ವೀರೇಶಣ್ಣ, ಇನ್ನೂ ಜೋರು ಕೂಗ್ರಿ. ಊರು ತುಂಬ ಪೋಸ್ಟರ್ ಹಚ್ಚಿದ್ರೂ ಇಷ್ಟು ಮಂದಿ ಬರ್ತಿರ್ಲಿಲ್ಲ."

"ನಿನಗೂ ಧಿಕ್ಕಾರ!"

"ಆಗ್ಲಿ ಬಿಡ್ರಿ. ಸಕ್ಕರೆ ಸಾಕಾ?"

ಆಟ ಬಿಟ್ಟಾಗ ತರಕಾರಿ ಮಾರುವ ಹುಲಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಬಂದಳು. ನನ್ನನ್ನು ಕಂಡು, "ತಮ್ಮಾ, ಕೊನಿಗೆ ಆ ಎತ್ತು..." ಎಂದವಳು ಬಿಕ್ಕಿದಳು.

"ಎತ್ತಾ? ಎತ್ತು ಐತಾ?"

"ನಾ ಹೇಳಾದಿಲ್ಲಪ್ಪ. ಒಳಗೆ ಹೋಗಿ ನೋಡು!"

ಲಾಠಿ ತಡೆದ ಬೆನ್ನಿಗೆ ಈ ಒಂದು ಮಾತು ತಡೆಯಲಾಗಲಿಲ್ಲ. ನಾಲ್ಕು ದಿನ ಊಟ ಸೇರಲಿಲ್ಲ. ಯಾವ ಎತ್ತು? ಕೊನೆಗೆ ಏನಾಯಿತು? ಶಿಕಾರಿಪುರದಲ್ಲಿ ನೋಡುವಂತಿಲ್ಲ. ಮಾತಿಗೆ ತಪ್ಪಿದ ಪುಢಾರಿಗಳ ಮನೆಮುಂದೆ ಸೆಗಣಿ ಸುರಿದವನು ನಾನು. ನಾನು ಮಾತಿಗೆ ತಪ್ಪುವುದನ್ನೇ ಅವರೆಲ್ಲ ಬುಟ್ಟಿ ತುಂಬಿಕೊಂಡು ಕಾಯುತ್ತಿದ್ದಾರೆ!

ಉಳಿದದ್ದು ಪಕ್ಕದ ತಾಲ್ಲೂಕಿನ ಸೊರಬ. ಮಂಗಳವಾರ ಬೆಳಿಗ್ಗೆ ಹೆಂಡತಿಗೆ, "ಸೊರಬದಾಗೆ ಬಗರ್ ಹುಕುಂ ಸಭೆ ಐತಿ" ಎಂದೆ. ಅವಳು ರೊಟ್ಟಿಯಿಂದ ಕಣ್ಣೆತ್ತದೆ, "ಹೋಗಿಬರ್ರಿ. ನಂದೂ ಚಂದ್ರಗುತ್ತಿ ಅಮ್ಮಗೊಂದು ಹರಕೆ ಐತಿ" ಎಂದಳು. ಮೊದಲ ಬಸ್ಸಿಗೇ ಹೊರಟೂಬಿಟ್ಟಳು. ದೇವಿಯೇ ದಾರಿ ಕೊಟ್ಟಳೆಂದು ಕೈಮುಗಿದೆ.

ನಾನು ಶಿರಾಳಕೊಪ್ಪದ ಮೇಲೆ ಸೊರಬ ತಲುಪಿದೆ. ಹಸಿರು ಶಾಲು ಚೀಲದೊಳಗೆ, ಕೊರೊನಾ ಕಾಲದ ಮಾಸ್ಕು ಮೂತಿಗೆ, ನಾನೇ ಬಹಿಷ್ಕರಿಸಿದ್ದ ಗೊಬ್ಬರದ ಕಂಪನಿಯ ಟೋಪಿ ತಲೆಗೆ! ಶಾಲಿಲ್ಲದ ಕುತ್ತಿಗೆ ಗಂಟೆ ಬಿಚ್ಚಿದ ಎತ್ತಿನ ಕುತ್ತಿಗೆಯಂತೆ ಬಿಕೋ ಎನ್ನುತ್ತಿತ್ತು. ಮ್ಯಾಟಿನಿ ಆಟದ ಕತ್ತಲೆಯಲ್ಲಿ ನುಸುಳಿ ಕೂತೆ.

ಅರ್ಧ ಸಿನಿಮಾ ನಾನಂದಂತೆಯೇ ದರಿದ್ರವಾಗಿತ್ತು. ಹೆಲಿಕಾಪ್ಟರ್, ಹಿಮ, ಕನ್ನಡಕ. ಥೂ, ನಾನು ಹೇಳಿರಲಿಲ್ಲವೇ ಎಂದು ಒಳಗೊಳಗೇ ಬೀಗಿದೆ. ಆದರೆ ಭರಮ ಮೊದಲ ಸಲ ತೆರೆಯ ಮೇಲೆ ಬಂದಾಗ ಈ ನಾಚಿಕೆಗೆಟ್ಟ ಬಾಯಿ ಮಾಸ್ಕಿನೊಳಗೇ ಸಿಳ್ಳೆ ಹೊಡೆದದ್ದೂ ನಿಜ.

ಕೊನೆಗೆ ಬಂತು ನೋಡಿ! ಎಲ್ಲ ಕಳೆದುಕೊಂಡ ಭರಮ ಊರಿಗೆ ಮರಳುತ್ತಾನೆ. ಜೋಡಿಯಲ್ಲಿ ಒಂದೇ ಎತ್ತು ಉಳಿದಿದೆ, ಮುದಿಯಾಗಿದೆ. ಅದು ಅವನ ಕೈ ಮೂಸಿ ನೋಡುತ್ತದೆ. ಭರಮ ಕನ್ನಡಕ ಬಿಸಾಡಿ, ನೊಗದ ಇನ್ನೊಂದು ಕಡೆಗೆ ತಾನೇ ಹೆಗಲು ಕೊಟ್ಟು, ತನ್ನದೇ ಹೆಲಿಪ್ಯಾಡನ್ನು ಉಳತೊಡಗುತ್ತಾನೆ! ನನ್ನ ಮಾಸ್ಕು ತೊಯ್ದು ತೊಪ್ಪೆಯಾಯಿತು. ಸಂಗೀತ ನಿಂತಿತು. ಭರಮ ನೇರ ನಮ್ಮತ್ತ ತಿರುಗಿ ಕೇಳಿದ:

"ಭೂಮಿ ಯಾರದು?"

ನಲವತ್ತು ವರ್ಷ ಈ ಪ್ರಶ್ನೆ ಕೇಳಿದಾಗಲೆಲ್ಲ ಮುಷ್ಟಿ ತಾನಾಗಿ ಎದ್ದಿದೆ. ಅದು ನನ್ನ ಅಪ್ಪಣೆ ಕೇಳುವುದಿಲ್ಲ. ಮಾಸ್ಕು ಕಿತ್ತು, ಎದ್ದು ನಿಂತು ಗುಡುಗಿದೆ:

"ಉಳುವವನದು!"

ಅದೇ ಉಸಿರಿಗೆ ಮೂರು ಸಾಲು ಹಿಂದಿನಿಂದ ಒಂದು ಹೆಣ್ಣುದನಿ: "ಉಳುವವನದು!"

ಆ ದನಿ ನನಗೆ ಗೊತ್ತು. ಮೂವತ್ತು ವರ್ಷದಿಂದ ನನ್ನ ಘೋಷಣೆಗೆಲ್ಲ ದನಿಗೂಡಿಸಿ, ಉಳಿದ ಮಾತಿಗೆಲ್ಲ ಎದುರಾಡಿದ ದನಿ!

ಜನ ತಿರುಗಿದರು. ಮೊಬೈಲುಗಳು ಎದ್ದವು. ದೀಪ ಹತ್ತುವಷ್ಟರಲ್ಲಿ ನನ್ನ ಮುಷ್ಟಿ ವಾಟ್ಸಾಪ್ ಗುಂಪು ತಲುಪಿತ್ತು. ಕೆಳಗೆ ತೀರ್ಥೇಶನ ವಿನಂತಿ: "ಅಧ್ಯಕ್ಷರೇ, ಇನ್ನು ನಾವೂ ನೋಡಬಹುದಾ?"

ನೀಲಾಂಬಿಕ ಕುಂಕುಮದ ಪೊಟ್ಟಣ ಹಿಡಿದು ಎದುರು ನಿಂತಳು.

"ಬಗರ್ ಹುಕುಂ ಸಭೆ ಮುಗೀತೇನ್ರಿ?"

"ನಿನ್ನ ಹರಕೆ?"

"ಬೆಳಿಗ್ಗೇನೇ ತೀರ್ತು. ತಗಳ್ರಿ ಪ್ರಸಾದ."

"ನೀನೂ ಪ್ರತಿಜ್ಞೆ ಮುರಿದೆ!" ಕೊನೆಯ ಅಸ್ತ್ರ ಎಸೆದೆ.

"ಮಂಡಕ್ಕಿ ಮುಟ್ಟಿ ಆಣೆ ಮಾಡ್ದೋರು ನೀವು. ಅದಿರ್ಲಿ, ಹೆಂಗಿತ್ತು?"

"ಮೊದಲನೇದರ ಕಾಲ ಧೂಳಿಗೂ ಸಮ ಇಲ್ಲ."

"ಮತ್ತೆ ಕಣ್ಣು ಯಾಕೆ ಕೆಂಪಾಗೈತಿ?"

ಮಾತು ತಪ್ಪಿಸಿದೆ. "ನಿನ್ನ ಕಣ್ಣಾಗೆ ಒಂದು ಹನೀನೂ ಇಲ್ಲಲ್ಲ! ಎಂಥ ಕಲ್ಲೆದೆ ನಿಂದು?"

"ನಾನು ಶುಕ್ರವಾರಾನೇ ಶಿಕಾರಿಪುರದಾಗೆ ಅತ್ತು ಮುಗಿಸೀನ್ರಿ. ಪರಮಶಿವಪ್ಪನೋರು ನಮ್ಮನ್ನ ಹಿಂದಿನ ಬಾಗಿಲಿಂದ ಬಿಟ್ರು. ನಿಮ್ಮ ಸಂಘದೋರ ಹೆಂಡ್ರೆಲ್ಲ ಒಳಗಿದ್ವಿ."

ಕುಸಿದು ಮತ್ತೆ ಅದೇ ಕುರ್ಚಿಯಲ್ಲಿ ಕೂತೆ.

"ಹಂಗಾದ್ರೆ ಇಲ್ಲಿಗ್ಯಾಕೆ ಬಂದೆ ಮಾರಾಯ್ತಿ?"

"ಏನ್ ಮಾಡಾದ್ರೀ? ಹೊರಗೆ ನಿಮ್ಮ ಧಿಕ್ಕಾರದ ಗದ್ದಲ! ಭರಮ ಕೊನಿಗೆ ಏನಂದ ಅಂತಾನೇ ಕೇಳಿಸ್ಲಿಲ್ಲ. ನಾಲ್ಕನೇ ಭಾಗಕ್ಕೂ ಧರಣಿ ಕೂತ್ರೆ, ಸ್ವಲ್ಪ ಮೆತ್ತಗೆ ಕೂಗ್ರಿ."